ಸ್ಪೀಕರ್ ಪೆಟ್ಟಿಗೆಗೆ ಬಿದ್ದ ಹಾರ

ಕಡಲ ಪ್ರಾಣಿಗಳ ಪ್ರದರ್ಶನ ಕೇಂದ್ರದ ಮಾನ್ಯ ವ್ಯವಸ್ಥಾಪಕರೇ,

ನಿಮ್ಮ ಕೇಂದ್ರದ ಹೆಣ್ಣು ಕಡಲಸಿಂಹ ದಾನಾಳ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಹೋಗುತ್ತಿದೆ. ಆದರೂ ಅವಳು ದಿನವೂ ಚೆಂಡು ಎತ್ತುತ್ತಾಳೆ, ಜನರಿಗೆ ಸಲಾಂ ಹೊಡೆಯುತ್ತಾಳೆ. ಇದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ; ಎಲ್ಲರೂ ಓದಲೆಂದು ಪತ್ರಿಕೆಗೂ ಕಳಿಸುತ್ತಿದ್ದೇನೆ. ಇಂಥದನ್ನು ಬರೆಯುವಾಗ ಸಿಟ್ಟು ಬರಬೇಕು. ನನಗೆ ಬರುತ್ತಿಲ್ಲ. ನಿಮ್ಮ ಕಚೇರಿಗೆ ಎರಡೆರಡು ಸಲ ಬಂದು, ನೀವು ತರಿಸಿಕೊಟ್ಟ ಚಹಾ ಕುಡಿದು, ನಿಮ್ಮ ನಗುಮುಖ ನೋಡಿ ವಾಪಸಾದ ಮೇಲೆ ನನ್ನ ಮನಸ್ಸು ಮರಗಟ್ಟಿದೆ. ಚಹಾ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನ್ನನ್ನು ನೀವು ಬಲ್ಲಿರಿ. ಉಮ್ ಅಲ್ ಹಸ್ಸಮ್‌ನಲ್ಲಿ ಮನೆ, ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ನರ್ಸ್ ಕೆಲಸ. ಬಹರೈನಿನ ನಮ್ಮ ಕರಾವಳಿ ಸಂಘಕ್ಕೆ ನೀವು ಗೌರವಾಧ್ಯಕ್ಷರು. ನಾನು ಅದೇ ಸಂಘದ ಸನ್ಮಾನ ಸಮಿತಿಯಲ್ಲಿ ಶಾಲು ಮಡಚಿ, ಹಾರ ಒಣಗದಂತೆ ನೀರು ಚಿಮುಕಿಸುವವಳು. ಸನ್ಮಾನವಿಲ್ಲದೆ ನಮ್ಮವರಿಗೆ ಸಭೆ ಸಭೆಯಲ್ಲ. ಮಾಡಲು ಹೊಸಬರು ಯಾರೂ ಸಿಗದಿದ್ದರೆ ಕಳೆದ ವರ್ಷ ಮಾಡಿಸಿಕೊಂಡವರಿಗೇ ಇನ್ನೊಮ್ಮೆ ಮಾಡುತ್ತೇವೆ. ಹಾಗೆಯೇ ಜನವರಿಯಲ್ಲಿ ಸಂಘದ ಕುಟುಂಬ ಮಿಲನ ನಿಮ್ಮ ಕೊಳದ ಪಕ್ಕದಲ್ಲೇ ನಡೆದಾಗ, ನಿಮಗೆ ‘ಪ್ರಾಣಿಬಂಧು’ ಬಿರುದು ಕೊಡುವುದೆಂದು ತೀರ್ಮಾನವಾಯಿತು. ಹಾರವನ್ನು ದಾನಾಳ ಕೈಯಿಂದಲೇ, ಅಂದರೆ ಮೂತಿಯಿಂದಲೇ, ಹಾಕಿಸಬೇಕೆಂಬುದು ನಿಮ್ಮದೇ ಸಲಹೆ.

ಆ ಸಂಜೆ ನಡೆದದ್ದನ್ನು ನೀವು ತಮಾಷೆ ಎಂದು ನೆನಪಿಟ್ಟುಕೊಂಡಿದ್ದೀರಿ. ನನಗೆ ನೆನಪಿರುವುದು ಬೇರೆ. ಮಲ್ಲಿಗೆ ಹಾರವನ್ನು ನಾನೇ ಅವಳ ಮೂತಿಗೆ ಸಿಕ್ಕಿಸಿದೆ. ನೀವು ವೇದಿಕೆಯ ನಡುವೆ ನಿಂತು ಮೈಕಿನಲ್ಲಿ, “ದಾನಾ, ಬಾ ಬಾ, ಇಲ್ಲಿ ಬಾ ಮಗಾ” ಎಂದು ಕರೆದಿರಿ. ಅವಳು ನಿಮ್ಮ ಮುಂದಿನಿಂದಲೇ ಹಾದು, ವೇದಿಕೆಯ ಎಡತುದಿಗೆ ಹೋಗಿ, ಅಲ್ಲಿದ್ದ ಕಪ್ಪು ಸ್ಪೀಕರ್ ಪೆಟ್ಟಿಗೆಗೆ ಹಾರ ಹಾಕಿದಳು. ನಿಮ್ಮ ಸ್ವರ ಬರುತ್ತಿದ್ದದ್ದು ಅಲ್ಲಿಂದ. ನಿರೂಪಕ ವಿಖ್ಯಾತ್ ಮೈಕು ಕಸಿದುಕೊಂಡು, “ಸರ್ ಸ್ವರಕ್ಕೇ ಸನ್ಮಾನ ಆಯ್ತು ಮಾರಾಯ್ರೆ, ಜೋರು ಚಪ್ಪಾಳೆ!” ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ದಾನಾ ಪೆಟ್ಟಿಗೆಗೆ ಮೀಸೆ ತಾಗಿಸಿ, ಬಾಯಿ ತೆರೆದು ಮೀನಿಗೆ ಕಾದಳು. ಪೆಟ್ಟಿಗೆ ಮೀನು ಕೊಡಲಿಲ್ಲ.

ನಾನು ಹತ್ತಿರ ಹೋಗಿ ನೋಡಿದೆ. ಎಡಗಣ್ಣು ಗಂಜಿತಿಳಿಯಂತೆ ಬೆಳ್ಳಗಿತ್ತು. ಬಲಗಣ್ಣಿನಲ್ಲೂ ಅಂಚಿನಿಂದ ಮಂಜು ಏರುತ್ತಿತ್ತು. ಅದನ್ನು ಗುರುತಿಸಲು ನರ್ಸ್ ಆಗಬೇಕಾಗಿಲ್ಲ. ಮೀನು ತಿನ್ನುವ ಊರಿನಲ್ಲಿ ಹುಟ್ಟಿದರೆ ಸಾಕು. ಮನಾಮದ ಮೀನು ಮಾರ್ಕೆಟ್ಟಿನಲ್ಲಿ ನಿಮ್ಮನ್ನು ಎಷ್ಟೋ ಶುಕ್ರವಾರ ನೋಡಿದ್ದೇನೆ. ಕಿವಿರು ಎತ್ತುತ್ತೀರಿ, ಹೊಟ್ಟೆ ಒತ್ತುತ್ತೀರಿ, ಆಮೇಲೆ ಕಣ್ಣು ನೋಡುತ್ತೀರಿ. “ಈ ಅಂಜಲ್ ಬೇಡ ಮಾರಾಯಾ, ಕಣ್ಣು ನೋಡು, ಮಂಜು ಆಗಿದೆ” ಎಂದು ಹಿಂದಕ್ಕೆ ತಳ್ಳುತ್ತೀರಿ. ಸತ್ತ ಮೀನಿನ ಕಣ್ಣಿನಲ್ಲಿ ಇಷ್ಟು ಕಾಣುವವರಿಗೆ, ದಿನಾ ಎದುರಿಗೆ ಬರುವ ಜೀವದ ಕಣ್ಣು ಕಾಣುವುದಿಲ್ಲವೇ?

ಇದನ್ನೇ ನಿಮ್ಮ ಕಚೇರಿಯಲ್ಲಿ ಕೇಳಿದೆ. ನೀವು ನಕ್ಕು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: “ಎಂತ ಸಿಸ್ಟರ್ ನೀವು, ಅದಕ್ಕೆ ಪ್ರಾಯ ಆಯ್ತಲ್ಲ. ಷೋ ಮಾಡ್ಲಿಕ್ಕೆ ಕಣ್ಣು ಯಾಕೆ? ಹಸಿವು ಉಂಟಲ್ಲ, ಸಾಕು.” ಮಾತು ಮುಗಿಸಿ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಿರಿ.

ಪ್ರಾಯದ ಮಾತನ್ನು ನಾನು ಒಪ್ಪುವುದಿಲ್ಲ; ಅವಳ ಕಣ್ಣು ತಿಂದದ್ದು ನಿಮ್ಮ ಕೊಳ. ಕಾಡಿನ ಪ್ರಾಣಿಗೆ ಕಾಡು ಹೇಗೋ, ಕಡಲಸಿಂಹಗಳಿಗೆ ತಣ್ಣನೆಯ ಉಪ್ಪು ಕಡಲು ಹಾಗೆ. ಅಲ್ಲಿ ಅವು ತಲೆ ತಗ್ಗಿಸಿ ಕತ್ತಲೆಯ ನೀರಿನಲ್ಲಿ ಮೀನು ಹುಡುಕುತ್ತವೆ. ನಿಮ್ಮಲ್ಲಿ ನೆರಳಿಗೊಂದು ಮಾಡೂ ಇಲ್ಲದ ಕೊಳ, ತಿಳಿನೀಲಿ ಬಣ್ಣದ ತಳ, ಉಪ್ಪಿಲ್ಲದ ಕ್ಲೋರಿನ್ ನೀರು. ಮೀನು ಬೇಕೆಂದರೆ ಸೂರ್ಯನ ಕಡೆಗೆ ಕತ್ತೆತ್ತಬೇಕು. ಬಹರೈನಿನ ಸೂರ್ಯ ಎಂಥವನೆಂದು ನಿಮಗೆ ಹೇಳಬೇಕೆ? ಕಾರಿನಿಂದ ಕಚೇರಿಯ ಬಾಗಿಲವರೆಗೆ ನಡೆಯಲಿಕ್ಕೂ ನೀವು ಕಪ್ಪು ಕನ್ನಡಕ ಹಾಕುತ್ತೀರಿ. ಕಡಲಿನಲ್ಲಿ ಎಲ್ಲವೂ ಸುಖವೆಂದು ನಾನು ಹೇಳುತ್ತಿಲ್ಲ. ನೀರು ಬಿಸಿಯಾದ ವರ್ಷ ಮೀನು ದೂರ ಹೋಗಿ ಮರಿಗಳು ಹಸಿವಿನಿಂದ ಸಾಯುತ್ತವೆ, ವಿಷದ ಪಾಚಿ ತಿಂದ ಮೀನನ್ನು ತಿಂದು ದೊಡ್ಡವಕ್ಕೆ ಅಪಸ್ಮಾರ ಬರುತ್ತದೆ. ಇವುಗಳಲ್ಲಿ ಕೆಲವು ಜಾತಿಗಳು ಕಾನೂನಿನ ರಕ್ಷಣೆಯಿಂದ ಮತ್ತೆ ಹೆಚ್ಚಿವೆ, ಕೆಲವು ಇಂದಿಗೂ ಕಡಿಮೆಯಾಗುತ್ತಿವೆ. ಆದರೆ ಪಾಚಿಗೆ ಅರ್ಜಿ ಬರೆಯಲು ಆಗುವುದಿಲ್ಲ. ನಿಮಗೆ ಬರೆಯಬಹುದು.

ಇನ್ನೊಂದು ಸಂಗತಿ. ಕಡಲಸಿಂಹದ ತಾಯಿ ಮೀನು ಹಿಡಿಯಲು ಹೋಗಿ ದಿನಗಟ್ಟಲೆ ಬರುವುದಿಲ್ಲ. ಬಂದಾಗ ದಡದಲ್ಲಿ ಮರಿಗಳ ಜಾತ್ರೆಯೇ ಇರುತ್ತದೆ. ಅವಳು ಕೂಗುತ್ತಾಳೆ, ಅಷ್ಟು ಮರಿಗಳ ನಡುವೆ ಅವಳದೇ ಮರಿ ಸ್ವರ ಗುರುತಿಸಿ ಓಗೊಡುತ್ತದೆ. ದಾನಾಳನ್ನು ಮರಿಯಾಗಿದ್ದಾಗಲೇ ಕಡಲಿನಿಂದ ಹಿಡಿದು ತಂದದ್ದೆಂದು ಆ ದಿನ ಭಾಷಣದಲ್ಲಿ ನೀವೇ ಹೆಮ್ಮೆಯಿಂದ ಹೇಳಿದಿರಿ. ತಾಯಿಯ ಸ್ವರಕ್ಕೆ ಹೋಗಲೆಂದು ಹುಟ್ಟಿನಿಂದ ಬಂದ ಕಿವಿ ಅದು. ಆ ಕಿವಿಯನ್ನು ನಂಬಿ ಅವಳು ಪೆಟ್ಟಿಗೆಗೆ ಹೋದಳು. ನೆನೆದರೆ ಅಳು ಬರಬೇಕಾದ ವಿಷಯ. ನನಗೆ ಅದೂ ಬರುತ್ತಿಲ್ಲ. ಗಂಡ ಅಗಸ್ಟಿನ್ ಹೇಳುತ್ತಾರೆ, “ಬಿಡು ಮಾರಾಯ್ತಿ, ನಾವು ಹೊಟ್ಟೆಪಾಡಿಗೆ ಬಂದವರು, ಊರ ಉಸಾಬರಿ ಎಂತಕ್ಕೆ?” ಬಿಟ್ಟು ನೋಡಿದೆ. ಬಿಟ್ಟರೂ ಏನೂ ಅನಿಸುವುದಿಲ್ಲ, ಹಿಡಿದರೂ ಏನೂ ಅನಿಸುವುದಿಲ್ಲ. ಹಾಗಾದರೆ ಹಿಡಿದೇ ಇರುತ್ತೇನೆ.

ಅವಳನ್ನು ಕಡಲಿಗೆ ಬಿಡಿ ಎನ್ನುವಷ್ಟು ದಡ್ಡಿ ನಾನಲ್ಲ. ಈ ಸಮುದ್ರ ಅವಳದಲ್ಲ, ಕುರುಡಿಗೆ ಯಾವ ಸಮುದ್ರವೂ ಇಲ್ಲ. ನಾನು ಕೇಳುವುದು ಇಷ್ಟೇ: ಮೇ ತಿಂಗಳ ಬಿಸಿಲು ಬರುವ ಮುಂಚೆ ಕೊಳಕ್ಕೆ ಮಾಡು ಹಾಕಿಸಿ, ಉಪ್ಪು ನೀರು ತುಂಬಿಸಿ, ಪ್ರಾಣಿಗಳ ಕಣ್ಣು ಬಲ್ಲ ವೈದ್ಯರನ್ನು ಕರೆಸಿ ಉಳಿದ ಕಣ್ಣನ್ನಾದರೂ ಉಳಿಸಿ. ಅವಳಿಂದ ಇನ್ನು ಆಟ ಆಡಿಸಬೇಡಿ, ಮೀನು ಮಾತ್ರ ತಪ್ಪಿಸಬೇಡಿ. ಮುಂದಿನ ವರ್ಷ ಅವಳಿಗೊಂದು ಜೋಡಿ ತರುವೆನೆಂದು ಘೋಷಿಸಿದ್ದೀರಲ್ಲ, ಆ ಉಪಕಾರವನ್ನೂ ದಯವಿಟ್ಟು ಕೈಬಿಡಿ.

ಸಂಘದ ವಾರ್ಷಿಕೋತ್ಸವ ಹತ್ತಿರ ಬಂತು. ಸನ್ಮಾನ ಈ ಸಲವೂ ನಿಮಗೇ. ಹಾರ ಹಾಕಲು ಸಮಿತಿಯವರು ನನ್ನ ಹೆಸರು ಬರೆದಿದ್ದಾರೆ. ಅಷ್ಟರೊಳಗೆ ಕೊಳದ ಮೇಲೆ ನೆರಳು ಬಿದ್ದಿದ್ದರೆ ನಿಮ್ಮ ಕೊರಳಿಗೆ ಹಾಕಿ ಕೈಮುಗಿಯುತ್ತೇನೆ. ಇಲ್ಲವಾದರೆ, ಎರಡೂ ಕಣ್ಣು ಸರಿಯಿರುವ ನಾನು ತುಂಬಿದ ಸಭೆಯಲ್ಲಿ ನಿಮ್ಮ ಮುಂದಿನಿಂದಲೇ ಹಾದುಹೋಗಿ ಆ ಹಾರವನ್ನು ಸ್ಪೀಕರ್ ಪೆಟ್ಟಿಗೆಗೆ ಹಾಕುತ್ತೇನೆ. ಆಗ ಯಾರು ನಗುತ್ತಾರೋ ನೋಡೋಣ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ಸನ್ಮಾನ ಸಮಿತಿಯಲ್ಲಿರುವ
ಪೆಟ್ರೊನಿಲ್ಲಾ