ಬೆರಳಡಿಯ ಬಟನ್

ಅಪ್ಪಾ,

ಇವತ್ತು ಮಟಮಟ ಮಧ್ಯಾಹ್ನ ನಮ್ಮ ಕರಾವಳಿಯ ರೇಡಿಯೊ ಕೇಂದ್ರದಿಂದ ತಮ್ಮನ ಹಡಗಿನ ಜೊತೆ ಮಾತಾಡುತ್ತಿದ್ದೆ. "ಅಕ್ಕಾ, ಇಂಜಿನ್ ರೂಮಿಗೆ ನೀರು ನುಗ್ತಾ ಇದೆ, ಸ್ವಲ್ಪ..." ಎಂದ. ಅಷ್ಟರಲ್ಲಿ ದನಿ ನಿಂತುಹೋಯಿತು. ದೂರದ ಬೇರೆ ಹಡಗುಗಳ ದನಿಯೂ ಇಲ್ಲ. ಕಿಟಕಿಯಾಚೆ ಕಣ್ಣು ಕುಕ್ಕುವ ಬಿಸಿಲು, ಮೋಡದ ಚೂರೂ ಇರಲಿಲ್ಲ.

ಸೆಟ್ ಕೆಟ್ಟಿತೆಂದುಕೊಂಡು ನಿನ್ನ ಹಾಗೆಯೇ ಅದರ ತಲೆಗೆ ಎರಡು ಬಾರಿಸಿದೆ. ಮೇಲಧಿಕಾರಿ ಓಡಿ ಬಂದರು.

"ಅದನ್ಯಾಕೆ ಹೊಡೀತೀಯಮ್ಮ? ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದಿದೆಯಂತೆ. ನಮ್ಮ ರೇಡಿಯೊ ಅಲೆಗಳನ್ನ ದೂರಕ್ಕೆ ದಾಟಿಸೋ ಆಕಾಶವೇ ಈಗ ಅವನ್ನ ನುಂಗ್ತಾ ಇದೆ. ಕಾಯ್ಬೇಕು ಅಷ್ಟೇ."

ಕಾದೆ. ಒಂದು ಆಸರೆ ಸಿಕ್ಕಿತ್ತು. ತಮ್ಮ ಮಾತಾಡುತ್ತಿಲ್ಲವೆಂದರೆ ಅದು ಸೂರ್ಯನ ತಪ್ಪು. ನಿನ್ನ ಹಡಗು ಸುಮ್ಮನಾದಾಗ ಅಮ್ಮನಿಗೆ ಇಂಥದೊಂದು ನೆಪವೂ ಇರಲಿಲ್ಲ.

ಈಗ ದೂರದ ದನಿಗಳು ಒಂದೊಂದಾಗಿ ಮರಳಿವೆ. ಮೈಕಿನ ಬಟನ್ ಒತ್ತಿ ತಮ್ಮನನ್ನು ಕರೆದೆ. ಮಾತು ಮುಗಿದ ಕೂಡಲೇ ಬಟನ್ ಬಿಡಬೇಕು, ಒತ್ತಿಕೊಂಡೇ ಇದ್ದರೆ ಆ ಕಡೆಯ ದನಿ ಕೇಳಿಸುವುದಿಲ್ಲ ಎಂದು ಕಲಿಸಿದವನು ನೀನೇ. "ಕರೆದ್ರೆ ಸಾಲ್ದು ಮಗಳೇ, ಕೇಳಿಸ್ಕೋಬೇಕು" ಅನ್ನುತ್ತಿದ್ದೆಯಲ್ಲ.

ನೀನು ಓದಲಾರೆ ಎಂದು ಗೊತ್ತಿದ್ದೂ ಬಲಗೈ ಇದನ್ನು ಬರೆಯುತ್ತಿದೆ. ಎಡಗೈಯ ಬೆರಳು ಇನ್ನೂ ಬಟನ್ ಒತ್ತಿಕೊಂಡೇ ಇದೆ, ಅಪ್ಪಾ.