ಭಾನುವಾರ ಸಿಳ್ಳೆ ಹಾಕಬೇಡಿ

ಮಳೆಗಾಲ ಕೈಬಿಟ್ಟ ನೂರಾ ಹನ್ನೆರಡನೆಯ ವರ್ಷ, ಎರಡನೇ ಬೇಸಿಗೆಯ ನಾಲ್ಕನೆಯ ದಿನ
ಕೊಪ್ಪಳದ ಬಯಲು, ನೆಲದಡಿಯ ಮೂರನೇ ಓಣಿ

ಹಿರಿಯರಾದ ಡ್ರಾಯಿಂಗ್ ಮೇಷ್ಟ್ರು ಮೌನೇಶ ಬಡಿಗೇರ ಅವರಿಗೆ, ನಿಮ್ಮ ಮಗಳ ವಂಶದ ಒಂಬತ್ತನೆಯ ತಲೆಮಾರಿನ ಹಂಪವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದದ್ದೆಂದು ಹರಿದು ಹಾಕಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಡೈರಿಗಳಿಂದ. ಮಾತು ವಿಚಿತ್ರವೆನಿಸಿದರೆ ಮೇಷ್ಟ್ರಾದ ನೀವೇ ತಿದ್ದಿಕೊಂಡು ಓದಿ. ಪತ್ರ ಹಿಂದಕ್ಕೆ ಹೇಗೆ ಬರುತ್ತದೆಂದು ನನಗೂ ಅರ್ಥವಾಗಿಲ್ಲ. ಒಂದೇ ಹಾಳೆ, ಒಂದೇ ಸಲ ಎಂದಿದ್ದಾರೆ ಕಳಿಸುವವರು. ನಮ್ಮ ಕಡೆ ಹಿರಿಯರನ್ನು ಈಗಲೂ ಮುತ್ಯಾ ಎನ್ನುತ್ತೇವೆ, ಹಾಗೇ ಕರೆಯುತ್ತೇನೆ.

ನಾವು ಹಗಲನ್ನು ನೆಲದಡಿಯಲ್ಲಿ ಕಳೆಯುತ್ತೇವೆ ಮುತ್ಯಾ. ಒಂಬತ್ತು ದಿನಕ್ಕೊಮ್ಮೆ ನನಗೆ ಬಯಲುಪಾಳಿ, ಎಂದರೆ ಮೇಲೆ ಹೋಗಿ ಕೆಲಸ ಮಾಡುವ ಸರದಿ. ಹೋಗುವ ಮೊದಲು ಹಣೆಗೂ ಕಿವಿಗೂ ಲೋಳೆಸರ ಬಳಿದುಕೊಳ್ಳಬೇಕು, ಬಿಸಿಲು ನೆತ್ತಿಗೇರುವ ಮೊದಲೇ ಇಳಿದು ಬರಬೇಕು. ಬುತ್ತಿ ಮಾತ್ರ ನಿಮ್ಮ ಕಾಲದ್ದೇ, ಸಜ್ಜೆ ರೊಟ್ಟಿ ಮತ್ತು ಪುಂಡಿಪಲ್ಲೆ. ನನ್ನ ಕೆಲಸ ಪಟಮರಿಗಳನ್ನು ನೋಡಿಕೊಳ್ಳುವುದು. ತೋಳದ ಮೈಯನ್ನು ಹಳೆಯ ಮೂಳೆಯಿಂದ ಹುಟ್ಟಿಸಬಹುದು, ಆದರೆ ಬದುಕುವುದನ್ನು ಕಲಿಸಲು ಅದಕ್ಕೆ ತಾಯಿಯಿಲ್ಲವಲ್ಲ. ಹಾಗಾಗಿ ನಿಮ್ಮ ಕಾಲದವರು ತೆಗೆದ ಫೋಟೊಗಳಿಂದ ಆ ಬುದ್ಧಿಯನ್ನು ಅದರ ತಲೆಗೆ ಎರೆಯುತ್ತೇವೆ. ಹಾಗೆ ಬಂದದ್ದಕ್ಕೆ ಪಟಮರಿ ಎಂದು ಹೆಸರು. ತೋಳಗಳ ಸಾವಿರಾರು ಫೋಟೊ ಉಳಿದಿವೆ, ಒಂದಕ್ಕಿಂತ ಒಂದು ಚೆಂದ. ಎಲ್ಲದರಲ್ಲೂ ತೋಳ ಕ್ಯಾಮೆರಾವನ್ನೇ ನೋಡುತ್ತಿದೆ.

ಕಣ್ಣಿಗೆ ಕಣ್ಣು ಕೂಡದ ಫೋಟೊ ಫೋಟೊವೇ ಅಲ್ಲ ಎಂದು ಕ್ಯಾಮೆರಾ ಹಿಡಿದು ಗುಡ್ಡ ಅಲೆದ ನೀವೂ ನಿಮ್ಮ ಗೆಳೆಯರೂ ನಂಬಿದ್ದಿರಿ, ಸಿಳ್ಳೆ ಹಾಕಿ ಪ್ರಾಣಿಗಳನ್ನು ನಿಮ್ಮತ್ತ ತಿರುಗಿಸುತ್ತಿದ್ದಿರಿ. ಬೆನ್ನು ತಿರುಗಿಸಿದ್ದನ್ನು, ಪೊದೆಗೆ ನುಗ್ಗುತ್ತಿದ್ದುದನ್ನು ಮನೆಗೆ ಬಂದು ಚಹಾ ಕುಡಿಯುತ್ತ ಅಳಿಸಿದಿರಿ. ನೀಲಕಂಠ ಹಕ್ಕಿಯದ್ದು ಇನ್ನೂ ಅನ್ಯಾಯ. ಅದು ರೆಕ್ಕೆ ಬಿಚ್ಚಿದ್ದೇ ಬೇಕಾಗಿತ್ತು ನಿಮಗೆ. ನಮ್ಮ ನೀಲಕಂಠಗಳಿಗೆ ರೆಕ್ಕೆ ಮಡಚಲು ಬರಲಿಲ್ಲ. ಮೂರು ದಿನ ಬಿಚ್ಚಿಕೊಂಡೇ ನಿಂತು ಸತ್ತವು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ನಮ್ಮ ತೋಳಗಳು ನಮ್ಮನ್ನು ನೋಡುತ್ತವೆ. ನೆಲದಡಿಗೆ ಗಾಳಿ ಬಿಡುವ ಕೊಳವೆ ಸಿಳ್ಳೆಯ ಹಾಗೆ ಕೂಗಿದರೆ ಇರುವ ಏಳೂ ಒಟ್ಟಿಗೆ ತಲೆಯೆತ್ತುತ್ತವೆ. ಹೋದ ವರ್ಷ ಒಂದು ತೋಳ ಐದು ಮರಿ ಹಾಕಿತು. ಎರಡನೇ ಬೇಸಿಗೆಯಲ್ಲಿ ನೆಲ ಕಾಯತೊಡಗಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ತಂಪಿನ ಗವಿಗೆ ಸಾಗಿಸಬೇಕು. ನಮ್ಮದು ಗವಿಯ ಬಾಯಲ್ಲಿ ಕೂತು ನನ್ನನ್ನು ನೋಡಿತು. ಹೇಗೋ ಒಂದು ಮರಿಯನ್ನು ನಾವೇ ಎಳೆದುಕೊಂಡೆವು. ಮನುಷ್ಯರ ವಾಸನೆ ಹತ್ತಿದ ಅದಕ್ಕೆ ತಾಯಿ ಮೊಲೆ ಕೊಡಲಿಲ್ಲ, ಅದೂ ಸತ್ತಿತು. ಉಳಿದ ನಾಲ್ಕು ಒಳಗೇ ಬೆಂದವು. ನಾನು ಅಳುತ್ತಿದ್ದಾಗ ಜೊತೆಗಾರ್ತಿ ಶಿವಕ್ಕ ಹೇಳಿದಳು: “ಅದಕ್ಕ ಹೋಗೂದು ಯಾರೂ ಕಲಿಸಿಲ್ಲವ್ವ.”

ಅದೇ ತೋಳ ಮೊನ್ನೆ ಮತ್ತೆ ನಾಲ್ಕು ಮರಿ ಹಾಕಿದೆ. ಹೊಸದು ಹುಟ್ಟಿಸಲು ಹಳೆಯ ಮೂಳೆ ಮುಗಿದಿದೆ, ಏಳರಲ್ಲಿ ಮರಿ ಹಾಕುವುದು ಇದೊಂದೇ, ಇವು ಹೋದರೆ ತೋಳವೆಂಬುದು ಇನ್ನಿಲ್ಲ. ನೆಲ ಪೂರ್ತಿ ಕಾಯಲು ಹನ್ನೊಂದು ದಿನವಿದೆ. ಮರಿ ಕಚ್ಚಿಕೊಂಡು ಹೊರಟ ತಾಯಿಯ ಫೋಟೊ ಸಿಕ್ಕರೆ ಇದರ ತಲೆಗೆ ಈಗಲೂ ಎರೆಯಬಹುದು. ಹುಡುಕದ ಕಡೆಯಿಲ್ಲ, ಒಂದೂ ಉಳಿದಿಲ್ಲ.

ನಿಮ್ಮ ಡೈರಿಯಲ್ಲಿ ಬರುವ ಭಾನುವಾರದ ಪುಟವಿದೆ, ನೀವಿನ್ನೂ ಬರೆದಿಲ್ಲದ ಪುಟ. ಅವತ್ತು ಬೆಳಗ್ಗೆ ಕುರಿ ಕಾಯುವ ಮಾಳಪ್ಪ ನಿಮ್ಮನ್ನು ಗುಡ್ಡದ ಹಿಂದಿನ ಗವಿಗೆ ಕರೆದೊಯ್ಯುತ್ತಾನೆ. ತಾಯಿತೋಳ ಒಂದು ಮರಿಯನ್ನು ಬಾಯಲ್ಲಿ ಹಿಡಿದು ನಿಮಗೆ ಬೆನ್ನು ಹಾಕಿ ಹೊರಡುತ್ತದೆ. ಅದು ತಿರುಗಿ ನೋಡಲೆಂದು ನೀವು ಸಿಳ್ಳೆಗೆ ತುಟಿಗೆ ಬೆರಳಿಡುವುದನ್ನು ಕಂಡು ಮಾಳಪ್ಪ ಕೈ ಹಿಡಿಯುತ್ತಾನೆ. “ಸಿಳ್ಳಿ ಹಾಕಬ್ಯಾಡ್ರಿ ಮಾಸ್ತರ. ಅದರ ಪಾಡಿಗೆ ಅದು ಹೋಗ್ಲಿ” ಎನ್ನುತ್ತಾನೆ. ನೀವು ಹಾಕುತ್ತೀರಿ. ಅದು ಮರಿಯನ್ನು ಕೆಳಗಿಟ್ಟು ತಿರುಗಿ ನೋಡುತ್ತದೆ. ಆ ಫೋಟೊಗೆ ಬಹುಮಾನ ಬರುತ್ತದೆ, ಊರಿನವರು ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಅದು ಇವತ್ತಿಗೂ ನಮ್ಮ ಮನೆಯ ಗೋಡೆಯ ಮೇಲಿದೆ. ನಮ್ಮ ತೋಳಗಳ ತಲೆಗೆ ಮೊಟ್ಟಮೊದಲು ಎರೆದದ್ದೂ ಅದನ್ನೇ.

ಮಾಳಪ್ಪನ ಮಾತು ಕೇಳಿ ಮುತ್ಯಾ. ಬಹುಮಾನ ತಪ್ಪುತ್ತದೆ, ಮೇಷ್ಟ್ರು ಬಾಲದ ಫೋಟೊ ತೆಗೆದರೆಂದು ಗೆಳೆಯರು ನಗುತ್ತಾರೆ. ನಗಲಿ. ಅದು ಪೊದೆ ದಾಟಿ ಮರೆಯಾಗುವವರೆಗೂ ಆ ಬೆನ್ನನ್ನೇ ತೆಗೆಯಿರಿ. ಮತ್ತೆ ಬಂದು ಇನ್ನೊಂದು ಮರಿ ಒಯ್ದರೆ ಅದನ್ನೂ ತೆಗೆಯಿರಿ. ಸಂಜೆ ಮನೆಗೆ ಬಂದು ಅಳಿಸಬೇಡಿ.

ಹಾಳೆ ಮುಗಿಯುತ್ತ ಬಂತು. ಇವತ್ತು ನನ್ನ ಬಯಲುಪಾಳಿ, ಗವಿಯ ಎದುರು ಕೂತೇ ಇದನ್ನು ಬರೆದೆ. ಕೈಯಿಟ್ಟರೆ ನೆಲ ಬೆಚ್ಚಗಾಗಿದೆ. ಒಳಗೆ ಮರಿಗಳು ಕುಂಯ್‌ಗುಡುತ್ತಿವೆ. ತಾಯಿ ಗವಿಯ ಬಾಯಲ್ಲಿ ಕೂತು, ನಿಮ್ಮ ಫೋಟೊದಲ್ಲಿರುವ ಹಾಗೆಯೇ, ನನ್ನನ್ನು ನೋಡುತ್ತಿದೆ.

ನಿಮ್ಮ
ಹಂಪವ್ವ