ಒಂಬತ್ತನೇ ಕಾಲಂ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದು. ಹನ್ನೊಂದನೇ ತರಗತಿಯ ನಡುವೆಯೇ ನಾನು ಶಾಲೆ ಬಿಟ್ಟೆ. ಎರಡು ವರ್ಷ ಪ್ರತಿ ಪತ್ರದಲ್ಲೂ ‘ಪಾಠ ಚೆನ್ನಾಗಿ ನಡೆಯುತ್ತಿದೆ’ ಎಂದು ಬರೆದದ್ದು ಸುಳ್ಳು. ಅಪ್ಪನಿಗೆ ಹೇಳಬೇಡ ಎಂದವಳು ಅಮ್ಮ, ನಿಜ. ಆದರೆ ಪೆನ್ನು ಹಿಡಿದವಳು ನಾನು. ಈಗ ನಿನ್ನ ಆರೋಗ್ಯ ಕೇಳುತ್ತೇನೆ. ಮಂಡಿನೋವು ಹೇಗಿದೆ? ಕಲ್ಲು ಕೂರಿಸುವಾಗ ಕೆಳಗೆ ಗೋಣಿ ಮಡಚಿ ಹಾಕಿಕೊಳ್ಳುತ್ತೀಯೋ, ಇಲ್ಲ ಅದೂ ನನ್ನ ಪಾಠದ ಹಾಗೆ ಪತ್ರದಲ್ಲಿ ಮಾತ್ರವೋ?

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನೀನೇ ಬೈಯುತ್ತಿದ್ದೆ. ಬೆಂಚಿನ ಮೇಲೆ ಆರು ಗಂಟೆ ಕೂರುವುದು ನನ್ನಿಂದ ಆಗಲಿಲ್ಲ. ಯಾರೂ ಓಡಿಸಲಿಲ್ಲ, ಫೇಲೂ ಆಗಲಿಲ್ಲ, ಬಿಟ್ಟೆ, ಅಷ್ಟೆ. ಕಬ್ಬಿಣ ಕಡೆಯುವ ಲೇತ್ ಯಂತ್ರ ರಿಪೇರಿ ಮಾಡುವ ಮೇಸ್ತ್ರಿಯ ಬಳಿ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಅವರು, “ಇಲ್ಲಿ ಉಗುರು ಉಳಿಯಲ್ಲ ನೋಡು” ಎಂದರು. ಉಳಿಯಲಿಲ್ಲ. ಗೇರಿನ ಹಲ್ಲು ಒಂದೇ ಮಗ್ಗುಲಿಗೆ ಏಕೆ ಸವೆಯುತ್ತದೆ ಎಂದು ಕೇಳಿದಾಗ, “ನಂಗೊತ್ತಿಲ್ಲಮ್ಮಾ, ಪುಸ್ತಕದಲ್ಲಿರಬೇಕು” ಎಂದವರೂ ಅವರೇ. ಆ ಒಂದು ಮಾತಿಗೆ ಮತ್ತೆ ಪುಸ್ತಕ ಹಿಡಿದೆ, ಖಾಸಗಿಯಾಗಿ ಪರೀಕ್ಷೆ ಕಟ್ಟಿದೆ. ಎಂಜಿನಿಯರಿಂಗಿಗೆ ಎರಡೆರಡು ದೊಡ್ಡ ವಿಶ್ವವಿದ್ಯಾಲಯಗಳಿಂದ ಪತ್ರ ಬಂದದ್ದು ಮಾತ್ರ ಸುಳ್ಳಲ್ಲ.

ಎರಡರಲ್ಲಿ ಹಳೆಯ ವಿಶ್ವವಿದ್ಯಾಲಯವನ್ನೇ ಸೇರು ಎಂದು ಬರೆದಿದ್ದೀಯ. “ನಾ ಹಾಕಿದ ಮೆಟ್ಲು ಹತ್ತಿ ನನ್ನ ಮಗಳು ಒಳಗೆ ಹೋಗ್ಬೇಕು.” ಆ ಸಾಲನ್ನು ಅಮ್ಮ ನೆಂಟರಿಗೆಲ್ಲ ಓದಿ ಹೇಳಿ ಕಾಗದ ಮಡಿಕೆಯಲ್ಲೇ ಹರಿದಿದೆ. ಹೋಗಿದ್ದೆ ಅಪ್ಪಾ. ಕಲ್ಲಿನ ಮಟ್ಟ ನೋಡುವ ನಿನ್ನ ರಸಮಟ್ಟವನ್ನೂ ಚೀಲದಲ್ಲಿ ಒಯ್ದಿದ್ದೆ. ಹನ್ನೊಂದು ಮೆಟ್ಟಿಲ ಮೇಲೂ ಇಟ್ಟು ನೋಡಿದೆ. ಇಷ್ಟು ವರ್ಷ ಅಷ್ಟು ಜನ ತುಳಿದರೂ ಗಾಜಿನೊಳಗಿನ ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಸರಿಯಲಿಲ್ಲ. ಕಾವಲುಗಾರ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು.

ಒಳಗೆ ಗುಮಾಸ್ತರು ಫಾರಂ ಮುಂದಿಟ್ಟರು. ಒಂಬತ್ತನೇ ಕಾಲಂ: ಓದು ನಡುವೆ ನಿಂತಿದ್ದರೆ ಕಾರಣ. ‘ಶಾಲೆ ಬಿಟ್ಟೆ, ಲೇತ್ ರಿಪೇರಿಗೆ ಹೋದೆ’ ಎಂದು ಬರೆದೆ. ಅವರು ಒಳ್ಳೆಯವರೇ. ದನಿ ತಗ್ಗಿಸಿ, “ತಾಯೀ, ತಾವಾಗಿ ಶಾಲೆ ಬಿಟ್ಟೋರಿಗೆ ಇಲ್ಲಿ ಸೀಟಿಲ್ಲ. ಅನಾರೋಗ್ಯ ಅಂತ ಬರೆದ್ಬಿಡು, ಯಾರೂ ಕೇಳಲ್ಲ” ಎಂದು ಹೊಸ ಫಾರಂ ಕೊಟ್ಟರು. “ಆ ಎರಡು ವರ್ಷ ನಂಗೆ ನೆಗಡೀನೂ ಬಂದಿಲ್ಲ ಸಾರ್” ಎಂದೆ. ಬರುವ ಬುಧವಾರದವರೆಗೆ ಯೋಚಿಸು ಎಂದರು.

ಇನ್ನೊಂದು ವಿಶ್ವವಿದ್ಯಾಲಯದಲ್ಲೂ ಅದನ್ನೇ ಬರೆದಿದ್ದೆ. ಓದಿದ ಪ್ರೊಫೆಸರಮ್ಮ ನನ್ನನ್ನು ನೇರ ವರ್ಕ್‌ಶಾಪಿಗೆ ಕರೆದೊಯ್ದು, ಕೆಟ್ಟು ನಿಂತ ಲೇತ್ ತೋರಿಸಿ, ಏನಾಗಿದೆ ಹೇಳು ಎಂದರು. ಬೆಲ್ಟ್ ಸಡಿಲ ಎಂದೆ. ತಪ್ಪು; ಬೇರಿಂಗ್ ಹೋಗಿತ್ತು. “ಸರಿ, ಬಿಚ್ಚು ಮತ್ತೆ” ಎಂದರು. ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಅಷ್ಟು ಹೊತ್ತು ನಾನು ಒಂದೇ ಕಡೆ ಇದ್ದೆ ಎಂದರೆ ನೀನೂ ನಂಬಲಾರೆ.

ಒಂದು ಪದಕ್ಕೆ ಹಣೆಬರಹ ಕೆಡಿಸಿಕೊಳ್ಳುತ್ತೀಯಾ ಎಂದು ಚಿಕ್ಕಪ್ಪ ದಿನಕ್ಕೆರಡು ಸಲ ಬಂದು ಕೇಳುತ್ತಾನೆ. ಹಳೆಯದರ ಹೆಸರು ದೊಡ್ಡದೆಂದು ನನಗೂ ಗೊತ್ತು. ಆದರೆ ಆ ಪದ ಬರೆದರೆ ನಾಲ್ಕು ವರ್ಷ ನಿನ್ನ ಮೆಟ್ಟಿಲನ್ನು ಕಾಯಿಲೆಯವಳಾಗಿ ಹತ್ತಬೇಕು. ಹತ್ತಲಾರೆ. ಹೀಗೆ ಜಂಬ ಕೊಚ್ಚಿಕೊಳ್ಳುತ್ತಾ ಮನೆಗೆ ಬಂದವಳಿಗೆ ನಿನಗೆ ಬರೆದ ಪತ್ರಗಳು ನೆನಪಾದವು. ಮುಖಕ್ಕೆ ಹೊಡೆದಂತಾಯಿತು. ಅದಕ್ಕೇ ಈ ಪತ್ರ. ಸುಳ್ಳಿಗೆ ಕ್ಷಮೆ ಕೇಳುತ್ತೇನೆ. ಶಾಲೆ ಬಿಟ್ಟದ್ದಕ್ಕೆ ಕೇಳುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಮೊನ್ನೆಯಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಆದರೆ ನನ್ನ ಬಟ್ಟೆಗಳನ್ನೆಲ್ಲ ಒಗೆದು ಮಡಚಿ ಇಟ್ಟಿದ್ದಾಳೆ. ಮಂಡಿಯ ಎಣ್ಣೆ ಮುಗಿದಿದ್ದರೆ ಬರೆ, ಮುಗಿದಿಲ್ಲ ಎಂದು ಸುಳ್ಳು ಹೇಳಬೇಡ.

ಹಿಡಿದ ಪಟ್ಟು ಬಿಡದ,
ನಿನ್ನ ಮಗಳು

ಹೇಳದೆ ಉಳಿಸಿಕೊಂಡದ್ದು: ಬುಧವಾರದವರೆಗೆ ಕಾಯಲಿಲ್ಲ. ಶುಕ್ರವಾರವೇ ಹೋಗಿ ಹೊಸ ಫಾರಂನಲ್ಲೂ ಹಳೆಯ ಮಾತನ್ನೇ ಬರೆದು ಕೊಟ್ಟೆ. ಅಲ್ಲಿಯ ಸೀಟು ಹೋಯಿತು. ನಿನ್ನ ಉತ್ತರ ಬರುವವರೆಗೆ ಕಾದಿದ್ದರೆ ಮನಸ್ಸು ಕರಗುತ್ತಿತ್ತೇನೋ. ಇಳಿಯುವಾಗ ನಿನ್ನ ಮೂರನೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ರಸಮಟ್ಟ ನನ್ನ ಪೆಟ್ಟಿಗೆಯಲ್ಲಿದೆ, ರಜಕ್ಕೆ ಬಂದಾಗ ಹುಡುಕಬೇಡ. ನಾಳೆ ಬೆಳಗ್ಗೆ ಆರರ ಬಸ್ಸಿಗೆ, ಪ್ರೊಫೆಸರಮ್ಮ ಸೀಟು ಕೊಟ್ಟ ಕಡೆಗೆ ಹೊರಡುತ್ತೇನೆ.